ಚರ್ಮದ ಸೋಫಾದ ಚೆಲುವು

ಹಳೆಯದಾದಷ್ಟೂ ಚರ್ಮದ ಸೋಫಾಗೆ ಕಳೆ ಏರುತ್ತದೆ. ತೋಳೂರುವ ಜಾಗ ನುಣುಪಾಗಿ ಬಣ್ಣ ಗಾಢವಾಗುತ್ತದೆ. ಒಳ್ಳೆಯ ಚರ್ಮವನ್ನು ಬಗ್ಗಿ ನೋಡಿದರೆ ದನದ ಮೈಯ ರೋಮರಂಧ್ರಗಳು, ಯಾವುದೋ ಮುಳ್ಳು ಗೀರಿದ ಗುರುತು ಕೂಡ ಸಿಗುತ್ತವೆ. ಆ ಗೀರು ನನಗೆ ಬಲು ಇಷ್ಟ. ರೆಕ್ಸಿನ್‌ನಲ್ಲಿ ಇದೆಲ್ಲಿ ಬರಬೇಕು!

ಒರೆಸುವ ಮುನ್ನ ಹಿಂಬದಿಯ ಮೂಲೆಯಲ್ಲಿ ಒಂದು ಹನಿ ನೀರು ಬಿಟ್ಟು ನೋಡಿ. ಹನಿ ಉಂಡೆಯಾಗಿ ನಿಂತರೆ ಮೇಲೆ ಬಣ್ಣದ ಲೇಪವಿದೆ, ಹಿಂಡಿದ ಒದ್ದೆ ಬಟ್ಟೆಗೆ ಅಂಜಬೇಕಿಲ್ಲ. ಹೀರಿಕೊಂಡು ಕಪ್ಪಾದರೆ ಅದು ಲೇಪವಿಲ್ಲದ ಅನಿಲಿನ್ ಚರ್ಮ; ಅದಕ್ಕೆ ಒಣ ಮೆತ್ತನೆ ಬಟ್ಟೆಯೇ ಸರಿ. ಹದ ಮಾಡಿದ ಚರ್ಮದ ಗುಣ ತುಸು ಆಮ್ಲೀಯ, ಬಟ್ಟೆ ಸೋಪಿನದು ಕ್ಷಾರ. ಹಾಗಾಗಿ ಸೋಪಿನಲ್ಲಿ ಮತ್ತೆ ಮತ್ತೆ ಉಜ್ಜಿದ ಜಾಗ ಬಿರುಸಾಗಿ ಬಿರುಕು ಬಿಡುತ್ತದೆ. ಕೊಬ್ಬರಿ ಎಣ್ಣೆಯೂ ಬೇಡ, ಕಮಟು ವಾಸನೆ ಬರುತ್ತದೆ, ಧೂಳು ಹಿಡಿಯುತ್ತದೆ. ಚರ್ಮಕ್ಕೆಂದೇ ಮಾಡಿದ ಕಂಡೀಷನರನ್ನು ತೆಳ್ಳಗೆ ಸವರಿ, ಹೀರದೆ ಉಳಿದದ್ದನ್ನು ಒರೆಸಿಬಿಡಿ.

ಮಂಗಳೂರು, ಮಡಿಕೇರಿಯ ಮಳೆಗಾಲ ಮಾತ್ರ ಕಠಿಣ ಪರೀಕ್ಷೆ. ಸೋಫಾವನ್ನು ಗೋಡೆಯಿಂದ ಒಂದು ಗೇಣು ಸರಿಸಿ, ಫ್ಯಾನಿನ ಗಾಳಿ ಹಿಂಬದಿಗೂ ಸುಳಿಯುವಂತೆ ಇಡಬೇಕು. ಬೂಷ್ಟು ಕಂಡರೆ ಒಣ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಮನೆಯಾಚೆ ಕೊಡವಿ. ಸೋಫಾವನ್ನು ಮಾತ್ರ ಬಿಸಿಲಿಗೆ ಹಾಕಬೇಡಿ.