ಹಲಗಲಿ ದಾರಿಯ ಕಲ್ಲುಗಳು

ಮುಧೋಳದಿಂದ ಜಮಖಂಡಿ, ಬೀಳಗಿ, ರಬಕವಿ–ಬನಹಟ್ಟಿ, ಯಾವ ಕಡೆಯ ರಸ್ತೆ ಹಿಡಿದರೂ ಊರ ಬಾಯಿಗೆ ಕಮಾನು, ಸರ್ಕಲ್ಲಿನಲ್ಲಿ ಮೂರ್ತಿ, ಹಳೆಯ ಗುಡಿಯ ಗೋಡೆಗೆ ಒರಗಿದ ವೀರಗಲ್ಲು ಕಣ್ಣಿಗೆ ಬೀಳುತ್ತವೆ. ಪುಸ್ತಕ ಹಿಡಿಯದವರಿಗೂ ಊರಿನ ಹಿಂದಿನ ಸಂಗತಿ ಮುಟ್ಟುವುದು ಇವುಗಳಿಂದಲೇ. ಹಾಗಿರುವಾಗ ಒಂದು ಕೃತಿಯನ್ನು ಓದುವಷ್ಟೇ ಗಂಭೀರವಾಗಿ ಇವನ್ನೂ ಓದಬೇಕು.

ಕೆಲವು ಕಡೆ ಬರೀ ಹೆಸರೇ ಸಾಕಾಗುತ್ತದೆ. ಮುಧೋಳ ತಾಲ್ಲೂಕಿನ ಬೆಳಗಲಿ ಈಗ ರನ್ನಬೆಳಗಲಿ. ಬಳೆಗಾರರ ಮನೆಯಲ್ಲಿ ಹುಟ್ಟಿ ‘ಗದಾಯುದ್ಧ’ ಬರೆದ ಹತ್ತನೆಯ ಶತಮಾನದ ಕವಿ ಬಸ್ಸಿನ ಬೋರ್ಡಿನ ಮೇಲೆ ದಿನಾ ಓಡಾಡುತ್ತಾನೆ. ಉಳಿದದ್ದನ್ನು ಶಾಲೆಯ ಪಾಠ ತುಂಬಿಕೊಡುತ್ತದೆ. ಇದಕ್ಕಿಂತ ಒಳ್ಳೆಯ ಸ್ಮಾರಕ ರನ್ನನಿಗೆ ಬೇಕಿಲ್ಲ ಎಂದೇ ನನ್ನ ಭಾವನೆ.

ಹಲಗಲಿಗೆ ಮಾತ್ರ ಹೆಸರಷ್ಟೇ ಸಾಲದು. 1857ರಲ್ಲಿ ಕಂಪನಿ ಸರ್ಕಾರ ನಿಶ್ಶಸ್ತ್ರೀಕರಣದ ಕಾಯ್ದೆ ತಂದಿತು. ಘೋರ್ಪಡೆಯವರ ಮುಧೋಳ ಸಂಸ್ಥಾನಕ್ಕೆ ಸೇರಿದ ಈ ಊರಿನ ಬೇಡರಿಗೆ ಹತಾರವೆಂದರೆ ಹೊಟ್ಟೆಪಾಡು, ಮಾನ ಎರಡೂ. ಒಪ್ಪಿಸಲಾರೆವೆಂದರು. ನವೆಂಬರ್ ಕೊನೆಗೆ ದಂಡು ಬಂತು, ಊರಿಗೆ ಬೆಂಕಿ ಬಿತ್ತು. ಡಿಸೆಂಬರಿನಲ್ಲಿ ಮುಧೋಳ ಮತ್ತು ಹಲಗಲಿಯಲ್ಲಿ 19 ಜನರನ್ನು ಗಲ್ಲಿಗೇರಿಸಿದರು. ಇಂದು ಹಲಗಲಿ ಎಂದೊಡನೆ ನಾವು ಹನುಮ, ಬಾಲ, ಜಡಗ, ರಾಮ ಎಂಬ ನಾಲ್ಕು ಹೆಸರಿಗೆ, ಎತ್ತಿದ ಕತ್ತಿಗೆ ನಿಂತುಬಿಡುತ್ತೇವೆ. ಸರ್ಕಲ್ಲಿನ ಮೂರ್ತಿಗಳ ಭಾಷೆ ನಮಗೆ ಕಲಿಸಿರುವುದೂ ಅಷ್ಟನ್ನೇ. ಕತ್ತಿ ಯಾಕೆ ಎತ್ತಬೇಕಾಯಿತು, ಕಾಯ್ದೆ ಯಾರದು, ಸಂಸ್ಥಾನ ಯಾರ ಪಕ್ಷ ಹಿಡಿಯಿತು ಎಂಬುದನ್ನು ಮೂರ್ತಿ ಹೇಳುವುದಿಲ್ಲ. ಅದರ ಬುಡದ ಫಲಕದಲ್ಲಿ ಹೆಚ್ಚಾಗಿ ಎದ್ದು ಕಾಣುವುದು ಅನಾವರಣಕ್ಕೆ ಬಂದ ಗಣ್ಯರ ಹೆಸರು.

ಬ್ರಿಟಿಷ್ ಅಧಿಕಾರಿ ಫ್ಲೀಟ್ ಸಂಗ್ರಹಿಸಿ ಅಚ್ಚು ಹಾಕಿಸಿದ ಹಲಗಲಿಯ ಲಾವಣಿ ಈ ವಿಷಯದಲ್ಲಿ ಬಹಳ ಮುಂದಿದೆ. ಅದು ಹುಕುಮಿನಿಂದ ಶುರುವಾಗುತ್ತದೆ. ಕಾದಾಟವಾದ ಮೇಲೆ ಲೂಟಿಯಾದ ಸಾಮಾನನ್ನು ಒಂದೊಂದಾಗಿ ಎಣಿಸುತ್ತದೆ: ಉಪ್ಪು, ಎಣ್ಣೆ, ಬೆಲ್ಲ, ಮಂಗಳಸೂತ್ರ, ಕಡೆಗೆ ಬೀಸುವ ಕಲ್ಲು ಕೂಡ. ಸೋತ ಊರಿನ ಅಡುಗೆಮನೆ ಹೇಗೆ ಬರಿದಾಯಿತೆಂದು ಹೇಳುವ ಈ ಪಟ್ಟಿಯ ಮುಂದೆ ನನಗೆ ಯಾವ ಕಂಚಿನ ಪ್ರತಿಮೆಯೂ ದೊಡ್ಡದಾಗಿ ಕಾಣುವುದಿಲ್ಲ. ಹಲಗಲಿಯ ದಾರಿಯಲ್ಲಿ ಕಲ್ಲಿಗೆ ಹತ್ತಬೇಕಾದದ್ದು ಈ ಪಟ್ಟಿ, ಜೊತೆಗೆ ಆ 19 ಜನರ ಲೆಕ್ಕ.

ಇದೇನೂ ಹೊಸ ಬೇಡಿಕೆಯಲ್ಲ. ತುರುಗೋಳಿನ ವೀರಗಲ್ಲುಗಳನ್ನು ಹತ್ತಿರ ಕೂತು ನೋಡಿ. ಮೇಲಿನ ಪಟ್ಟಿಕೆಯಲ್ಲಿ ಶಿವಲಿಂಗ, ನಡುವೆ ಸತ್ತವನನ್ನು ಕರೆದೊಯ್ಯುವ ಅಪ್ಸರೆಯರು, ಕೆಳಗೆ ಕಾದಾಟ ಮತ್ತು ದನಗಳ ಸಾಲು. ಅವನು ಯಾಕೆ ಸತ್ತನೆಂಬುದನ್ನು ಆ ದನಗಳೇ ಹೇಳುತ್ತವೆ. ಶಾಸನ ಕೆತ್ತಿದವರೂ ದಾನ ಕೊಟ್ಟವರು ಯಾರು, ಭೂಮಿ ಎಷ್ಟು ಮತ್ತರು, ಎಲ್ಲೆ ಯಾವುದು ಎಂದು ಬರೆಯದೆ ಉಳಿ ಕೆಳಗಿಡುತ್ತಿರಲಿಲ್ಲ. ನಮ್ಮ ಕಾಲದ ಫಲಕಗಳಿಗೆ ಆ ಶಿಸ್ತು ತಪ್ಪಿದೆ.

ಮೂರ್ತಿಗೆ ಇನ್ನೊಂದು ಮಿತಿಯಿದೆ, ಅದಕ್ಕೆ ಒಬ್ಬ ನಾಯಕ ಬೇಕು. ರಬಕವಿ–ಬನಹಟ್ಟಿಯ ನೇಕಾರ ಓಣಿಗಳ ಚರಿತ್ರೆಯನ್ನು ಯಾರ ಮುಖದಲ್ಲಿ ಕೆತ್ತುವುದು? ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ ರೈತರು ತಾವೇ ದುಡ್ಡು ಹಾಕಿ, ಮೈಮುರಿದು ದುಡಿದು 1989ರಲ್ಲಿ ಕೃಷ್ಣೆಗೆ ಬ್ಯಾರೇಜ್ ಕಟ್ಟಿದರು. ಮುಂದಾಳು ಸಿದ್ದು ನ್ಯಾಮಗೌಡರ ಹೆಸರು ಎಲ್ಲರಿಗೂ ಗೊತ್ತು, ಗೊತ್ತಿರಬೇಕು ಕೂಡ. ಆದರೆ ವಂತಿಗೆ ಕೊಟ್ಟ ಊರುಗಳ ಹೆಸರೂ ಅಲ್ಲಿ ಓದಲು ಸಿಗಬೇಕಲ್ಲ.

ನನಗೆ ಹೆಚ್ಚು ನೋವಾಗುವುದು ಬೀಳಗಿಯ ಕಡೆ. ಆಲಮಟ್ಟಿಯ ಹಿನ್ನೀರಿಗೆ ಸಿಕ್ಕ ಊರುಗಳು ಎತ್ತರಕ್ಕೆ ಎದ್ದು ಬಂದು ‘ಪುನರ್ವಸತಿ ಕೇಂದ್ರ’ಗಳಾಗಿವೆ. ಅಗಸಿ ಎಲ್ಲಿತ್ತು, ಯಾವ ವರ್ಷ ಎದ್ದುಬಂದರು ಎಂಬುದು ಆ ಹಸಿರು ಬೋರ್ಡಿನಲ್ಲಿ ಹಿಡಿಸುವುದಿಲ್ಲ. ಕೊರ್ತಿ–ಕೊಲ್ಹಾರ ಸೇತುವೆ ದಾಟುವ ಹುಡುಗನಿಗೆ ಕೆಳಗಿರುವುದು ಬರೀ ನೀರು. ಜಲಾಶಯದ ಗರಿಷ್ಠ ಮಟ್ಟ ಇಂದು 519.60 ಮೀಟರ್. ಕೃಷ್ಣಾ ಎರಡನೆಯ ನ್ಯಾಯಮಂಡಳಿ ಅದನ್ನು 524.256ಕ್ಕೆ ಏರಿಸಲು ಒಪ್ಪಿದೆ. ಏರಿದರೆ ಇನ್ನಷ್ಟು ಊರು, ಹೊಲ ನೀರಿನಡಿ ಹೋಗುತ್ತವೆ. ಪರಿಹಾರಕ್ಕಾಗಿ ಮನೆಮನೆಗೆ ಹೋಗಿ ಅಳತೆ ಬರೆಯುವವರು ಅದೇ ಕಾಗದದಲ್ಲಿ ಗುಡಿ, ಬಾವಿ, ಕಣ, ವೀರಗಲ್ಲುಗಳ ಜಾಗವನ್ನೂ ಬರೆದುಕೊಳ್ಳಲಿ; ಹೊಸ ಊರಿನ ಮೊದಲ ಕಲ್ಲಿನ ಮೇಲೆ, ಉದ್ಘಾಟಕರ ಹೆಸರಿಗಿಂತ ಮೊದಲು, ಅದನ್ನು ಕೆತ್ತಿಸಲಿ.