ಆಟವಿಲ್ಲದ ದಿನದ ರಂಗಮಂದಿರ: ನೀನಾಸಂ ಶಿಕ್ಷಣದ ಒಂದು ವಿಮರ್ಶೆ

1960ರ ಆಸುಪಾಸಿನಲ್ಲಿ ಮಕ್ಕಾ ನಗರದಲ್ಲಿ ಒಂದು ನಾಟಕಶಾಲೆ ಸಿದ್ಧವಾಗಿತ್ತು. ಅದರ ಹಿಂದಿದ್ದವರು ಅಹ್ಮದ್ ಅಲ್-ಸಿಬಾಯಿ (1905–1984). ಅವರು ಶಾಲಾ ಅಧ್ಯಾಪಕರು, ಪತ್ರಿಕಾ ಸಂಪಾದಕರು, ಮಕ್ಕಾ ನಗರದ ಚರಿತ್ರೆ ಬರೆದ ವಿದ್ವಾಂಸರು. ಇಸ್ಲಾಮಿನ ಇತಿಹಾಸದ ಕಥೆಗಳನ್ನು ರಂಗದ ಮೇಲೆ ತರಬೇಕೆಂದು ‘ದಾರ್ ಖುರೈಶ್’ ಎಂಬ ಹೆಸರಿನಲ್ಲಿ ರಂಗ ಕಟ್ಟಿಸಿ, ನಟರನ್ನೂ ತಯಾರು ಮಾಡಿದ್ದರು. ವಿರೋಧ ಬಂತು. ಮೊದಲ ಪ್ರದರ್ಶನಕ್ಕೆ ಮುನ್ನವೇ ಅದು ಮುಚ್ಚಿತು.

ಈ ಘಟನೆ ನಮ್ಮ ಮುಂದೆ ಒಂದು ಪ್ರಶ್ನೆಯನ್ನು ಇಡುತ್ತದೆ. ಅಲ್ಲಿ ರಂಗವಿತ್ತು, ನಟರಿದ್ದರು. ‘ಇದು ನಮ್ಮದು’ ಎಂದು ಜೊತೆಗೆ ನಿಲ್ಲುವ ಪ್ರೇಕ್ಷಕ ಸಮುದಾಯ ಮಾತ್ರ ಇನ್ನೂ ರೂಪುಗೊಂಡಿರಲಿಲ್ಲ. ನಟರಿಗೆ ಕಲಿಸಬಹುದು, ನೋಡುವವರಿಗೆ ಕಲಿಸುವವರು ಯಾರು? ಕನ್ನಡದಲ್ಲಿ ಈ ಪ್ರಶ್ನೆಯನ್ನು ಅತ್ಯಂತ ದೀರ್ಘಕಾಲ, ಲಾಭದ ಆಸೆಯಿಲ್ಲದೆ, ಕೈಗೆತ್ತಿಕೊಂಡ ಸಂಸ್ಥೆ ಶಿವಮೊಗ್ಗ ಜಿಲ್ಲೆಯ ಹೆಗ್ಗೋಡಿನ ನೀನಾಸಂ. ಅದನ್ನು ಹೊಗಳಿ ಬರೆದದ್ದು ಬೇಕಾದಷ್ಟಿದೆ. ಊರಿನಿಂದ ದೂರ ಇರುವ ನಮ್ಮಂಥವರಿಗೆ ಅದರಿಂದ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂದು ನೋಡುವುದು ಈ ಲೇಖನದ ಉದ್ದೇಶ.

ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘ 1949ರಲ್ಲಿ ಹುಟ್ಟಿತು. ಸಾಗರ ತಾಲೂಕಿನ ಅಡಿಕೆ ತೋಟಗಳ ನಡುವಿನ ಒಂದು ಹಳ್ಳಿಯ ಹವ್ಯಾಸಿ ತಂಡ ಅದು. ಕೆ.ವಿ. ಸುಬ್ಬಣ್ಣನವರ ನೇತೃತ್ವದಲ್ಲಿ ಅದು ಬೆಳೆದ ಕ್ರಮವನ್ನು ಗಮನಿಸಬೇಕು. ಶಿವರಾಮ ಕಾರಂತ ರಂಗಮಂದಿರ ಬಂದದ್ದು 1972ರಲ್ಲಿ, ಅಂದರೆ ಸಂಘ ಹುಟ್ಟಿ 23 ವರ್ಷಗಳ ಮೇಲೆ. ಮರುವರ್ಷ ಚಿತ್ರಸಮಾಜ ಶುರುವಾಯಿತು. ಸತ್ಯಜಿತ್ ರಾಯ್, ಕುರೊಸಾವಾ ಅವರ ಚಿತ್ರಗಳನ್ನು ಹಳ್ಳಿಯ ಜನ ಕುಳಿತು ನೋಡಿದರು. 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ತಿರುಗಾಟ. ನಡುವೆ 1983ರಿಂದ ಎರಡು ವರ್ಷ ಫೋರ್ಡ್ ಪ್ರತಿಷ್ಠಾನದ ನೆರವಿನಿಂದ ‘ಜನಸ್ಪಂದನ’ ಯೋಜನೆ ನಾಡಿನ ಹಳ್ಳಿಗಳಲ್ಲಿ ನಾಟಕ, ಸಿನಿಮಾ ಶಿಬಿರಗಳನ್ನು ನಡೆಸಿತು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಇಲ್ಲಿ ಪ್ರತಿಯೊಂದು ಹೆಜ್ಜೆಯೂ ಹಿಂದಿನ ಹೆಜ್ಜೆಯ ಕೊರತೆಗೆ ಉತ್ತರವಾಗಿ ಬಂದಿದೆ. ನಾಟಕ ಆಡುತ್ತಿದ್ದವರಿಗೆ ಕ್ರಮಬದ್ಧ ಕಲಿಕೆ ಬೇಕಾಯಿತು, ಕೇಂದ್ರ ಬಂತು. ಕಲಿತು ಹೊರಬಿದ್ದವರಿಗೆ ಕೆಲಸ ಬೇಕಾಯಿತು, ತಿರುಗಾಟ ಬಂತು. ತಿರುಗಾಟದ ನಾಟಕಗಳಿಗೆ ಊರೂರಿನಲ್ಲಿ ನೋಡುಗರು ಬೇಕು. ಆ ನೋಡುಗರನ್ನು ಬೆಳೆಸುವ ಕೆಲಸವನ್ನು ಚಿತ್ರಸಮಾಜ, ಜನಸ್ಪಂದನ, ಪ್ರತಿವರ್ಷದ ಸಂಸ್ಕೃತಿ ಶಿಬಿರ ಮಾಡಿದವು. ಶಿಬಿರದಲ್ಲಿ ಸಂಜೆ ನಾಟಕ ನೋಡುತ್ತಾರೆ, ಮರುದಿನ ಬೆಳಿಗ್ಗೆ ಅದರ ಬಗ್ಗೆ ಮಾತಾಡುತ್ತಾರೆ. ಹಿಡಿಸದಿದ್ದರೆ ಯಾಕೆ ಹಿಡಿಸಲಿಲ್ಲ ಎಂದು ಹೇಳಬೇಕಾಗುತ್ತದೆ. ನನ್ನ ದೃಷ್ಟಿಯಲ್ಲಿ ನೀನಾಸಂನ ಅತಿ ದೊಡ್ಡ ಶಿಕ್ಷಣ ನಟರದ್ದಲ್ಲ, ಈ ಮರುದಿನ ಬೆಳಗಿನದು. ರಂಗಮಂದಿರದ ಬೆಲೆ ಗೊತ್ತಾಗುವುದು ಆಟ ಇರುವ ರಾತ್ರಿಯಲ್ಲಿ ಅಲ್ಲ, ಆಟ ಇಲ್ಲದ ಹಗಲಿನಲ್ಲಿ.

ಹಾಗಿದ್ದರೂ ಈ ಮಾದರಿಗೆ ಎರಡು ಮಿತಿಗಳಿವೆ. ಒಂದು, ಇದು ವಸತಿ ಶಿಕ್ಷಣ. ಸುಮಾರು ಒಂದು ವರ್ಷ ಮನೆ, ಕೆಲಸ ಬಿಟ್ಟು ಹೆಗ್ಗೋಡಿನಲ್ಲಿ ಇರಬಲ್ಲವರಿಗೆ ಮಾತ್ರ ಅದರ ಪೂರ್ಣ ಫಲ. ಎರಡು, ಇದು ಸಾಹಿತ್ಯವನ್ನು ನೆಚ್ಚಿದ ರಂಗಭೂಮಿ. ಶೇಕ್ಸ್‌ಪಿಯರ್, ಬ್ರೆಕ್ಟ್, ಕಾಳಿದಾಸರನ್ನು ಕನ್ನಡಕ್ಕೆ ತಂದದ್ದು ಅದರ ಹೆಮ್ಮೆ. ಆದರೆ ಮನೆಯಲ್ಲಿ ಬ್ಯಾರಿಯನ್ನೋ ತುಳುವನ್ನೋ ಕೊಂಕಣಿಯನ್ನೋ ಆಡುತ್ತ, ಶಾಲೆಯಲ್ಲಿ ಇಂಗ್ಲಿಷ್ ಓದುತ್ತ, ಕನ್ನಡವನ್ನು ಅಜ್ಜಿಯ ಫೋನಿನಲ್ಲಷ್ಟೇ ಕೇಳುವ ಮಗು ಆ ಬಾಗಿಲನ್ನು ಹೇಗೆ ದಾಟೀತು? ಕನ್ನಡ ಬಂದವರಿಗೆ ಅಲ್ಲಿ ರಂಗಭೂಮಿ ಕಲಿಸುತ್ತಾರೆ. ನಮಗೆ ಬೇಕಿರುವುದು ರಂಗದ ಮೂಲಕ ಕನ್ನಡ.

ಇದಕ್ಕೆ ದಾರಿ ನಮ್ಮ ಕರಾವಳಿಯ ಯಕ್ಷಗಾನ ಮೇಳಗಳಲ್ಲೇ ಇತ್ತು. ತೆಂಕುತಿಟ್ಟಿನ ಆಟ ನೋಡಿದ ಹಿರಿಯರಿಗೆ ನೆನಪಿರಬಹುದು. ಪ್ರಸಂಗ ಶುರುವಾಗುವ ಮುಂಚೆ ಪೂರ್ವರಂಗ. ಮೊದಲು ಕೋಡಂಗಿಗಳು, ಆಮೇಲೆ ಬಾಲಗೋಪಾಲರು, ಸ್ತ್ರೀವೇಷ. ಹೊಸದಾಗಿ ಮೇಳಕ್ಕೆ ಸೇರಿದ ಹುಡುಗ ಕೋಡಂಗಿಯಾಗಿ ಹೆಜ್ಜೆ ಹಾಕಿ, ವರ್ಷಗಳು ಕಳೆದಂತೆ ಒಂದೊಂದೇ ಮೆಟ್ಟಿಲು ಏರುತ್ತಿದ್ದ. ಜನ ಇನ್ನೂ ಚಾಪೆ ಹಾಸಿಕೊಳ್ಳುತ್ತಿದ್ದಾಗ ಅವನ ಕಲಿಕೆ ಅವರೆದುರೇ ನಡೆಯುತ್ತಿತ್ತು. ತಪ್ಪು ಹೆಜ್ಜೆಗೆ ಅಲ್ಲಿ ಅವಕಾಶವಿತ್ತು. ಶಾಲೆ ಬೇರೆ, ಪ್ರದರ್ಶನ ಬೇರೆ ಎಂಬ ಗೋಡೆ ಇರಲಿಲ್ಲ. ಕಾಲ ಸಂಕೋಚವಾದಾಗ ಮೊದಲು ಕತ್ತರಿ ಬಿದ್ದದ್ದು ಈ ಪೂರ್ವರಂಗಕ್ಕೇ.

ನಮ್ಮ ವಾರ್ಷಿಕ ಕಾರ್ಯಕ್ರಮಗಳಲ್ಲೂ ಆಗುತ್ತಿರುವುದು ಇದೇ. ರಾಜ್ಯೋತ್ಸವಕ್ಕೆ ಮೂರು ವಾರ ಮುಂಚೆ ಮಕ್ಕಳಿಗೆ ಮಾತು ಹಂಚುತ್ತೇವೆ. ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡ ಕನ್ನಡವನ್ನು ಅವರು ಉರು ಹೊಡೆಯುತ್ತಾರೆ, ನಾವು ಮೊಬೈಲಿನಲ್ಲಿ ಹಿಡಿಯುತ್ತೇವೆ. ಮರುದಿನ ಆ ಮಾತಿನ ಅರ್ಥವೇನೆಂದು ಯಾರೂ ಕೇಳುವುದಿಲ್ಲ. ಅಂದರೆ ನಮ್ಮಲ್ಲಿ ಆಟದ ರಾತ್ರಿ ಉಂಟು, ಅದರ ಹಿಂದಿನ ಪೂರ್ವರಂಗವೂ ಇಲ್ಲ, ಮುಂದಿನ ಬೆಳಗೂ ಇಲ್ಲ.

ಇಷ್ಟು ವರ್ಷ ನಾವು ಜಾಗವಿಲ್ಲ ಎಂಬ ಕಾರಣ ಕೊಡುತ್ತಿದ್ದೆವು. ಆ ಕಾರಣ ಈಗ ತೆಳುವಾಗಿದೆ. ಈ ದೇಶದಲ್ಲಿ 2018ರಲ್ಲಿ ಚಿತ್ರಮಂದಿರಗಳು ಮತ್ತೆ ತೆರೆದವು. 2020ರಲ್ಲಿ ನಾಟಕ ಮತ್ತು ಪ್ರದರ್ಶನ ಕಲೆಗಳಿಗಾಗಿಯೇ ಸರ್ಕಾರಿ ಆಯೋಗ ಬಂತು. 2021ರ ಡಿಸೆಂಬರಿನಲ್ಲಿ ನಮ್ಮದೇ ಮಕ್ಕಾ ಪ್ರಾಂತ್ಯದ ಜಿದ್ದಾದಲ್ಲಿ ‘ಹಯ್ ಜಮೀಲ್’ ಎಂಬ ಕಲಾಕೇಂದ್ರ ತೆರೆಯಿತು. ಲಾಭರಹಿತ ಸಂಸ್ಥೆಯಾದ ಆರ್ಟ್ ಜಮೀಲ್ ಅದನ್ನು ನಡೆಸುತ್ತದೆ. ‘ಹಯ್’ ಎಂದರೆ ಅರಬಿಯಲ್ಲಿ ಕೇರಿ, ನೆರೆಹೊರೆ. ಪ್ರದರ್ಶನಾಲಯ, ಸಿನಿಮಾಗಳ ಜೊತೆಗೆ ಕಲಿಕೆಯ ಕಾರ್ಯಕ್ರಮವೂ ಅದರ ಅಂಗವಾಗಿದೆ. ಸಿಬಾಯಿಯವರ ಕನಸು ಮುರಿದ ಪ್ರಾಂತ್ಯದಲ್ಲೇ, ಅರವತ್ತು ವರ್ಷಗಳ ನಂತರ, ಕಲಾಕೇಂದ್ರವೊಂದು ಕೇರಿಯ ಹೆಸರಿಟ್ಟುಕೊಂಡು ಕಲಿಸಲು ಕುಳಿತಿದೆ.

ಹಾಗಾದರೆ ನಮ್ಮ ಸಂಘ ಮಾಡಬಹುದಾದದ್ದೇನು? ನೀನಾಸಂನಿಂದಲೇ ಒಂದು ಪಾಠ ತೆಗೆದುಕೊಳ್ಳೋಣ. ತಿರುಗಾಟದ ಬಗ್ಗೆ ಮಾತಾಡುವಾಗ ನಾವು ಬಸ್ಸು ಹತ್ತಿ ಹೊರಟ ನಟರನ್ನಷ್ಟೇ ನೆನೆಯುತ್ತೇವೆ. ಪ್ರತಿ ಊರಿನಲ್ಲೂ ಅವರನ್ನು ಕರೆಸಿ, ಟಿಕೆಟು ಮಾರಿ, ಊಟ ಹಾಕಿ, ಬೆಂಚು ಜೋಡಿಸಿದ ಆತಿಥೇಯ ಸಂಘಗಳನ್ನು ಮರೆಯುತ್ತೇವೆ. ಫೋರ್ಡ್ ಹಣದ ಯೋಜನೆ ಎರಡು ವರ್ಷಕ್ಕೆ ಮುಗಿಯಿತು. ಆತಿಥೇಯರಿದ್ದ ತಿರುಗಾಟ ದಶಕಗಳ ಕಾಲ ನಡೆಯಿತು. ಹೆಗ್ಗೋಡಿನ ಪ್ರತಿಭೆ ನಮ್ಮಲ್ಲಿ ಇಲ್ಲದಿರಬಹುದು, ಆತಿಥೇಯರ ಶ್ರದ್ಧೆಯಾದರೂ ನಮ್ಮ ಕೈಯಲ್ಲಿದೆ.

ಶುರು ಮಾಡಲು ತಾಳಮದ್ದಳೆ ಸಾಕು. ಅದಕ್ಕೆ ವೇಷ ಬೇಡ, ರಂಗ ಬೇಡ. ಯಾರದಾದರೂ ಮನೆಯ ಮಜ್ಲಿಸ್ ಸಾಲುತ್ತದೆ. ಬರೆದು ಕೊಟ್ಟ ಮಾತಿಲ್ಲದೆ ಪಾತ್ರವಾಗಿ ಕುಳಿತು ವಾದ ಮಾಡಬೇಕು, ಎದುರಾಳಿಯ ಮಾತಿಗೆ ಅಲ್ಲೇ ಉತ್ತರ ಕೊಡಬೇಕು. ಕನ್ನಡ ನಾಲಗೆಗೆ ಇಳಿಯಲು ಇದಕ್ಕಿಂತ ಒಳ್ಳೆಯ ಅಭ್ಯಾಸ ಇಲ್ಲ. ಇದು ಯಾರೋ ಕೆಲವರ ಸೊತ್ತು ಎಂಬ ಅಳುಕೂ ಬೇಡ. ಜಬ್ಬಾರ್ ಸಮೊ ಸಂಪಾಜೆಯಂಥ ಅರ್ಥಧಾರಿಗಳನ್ನು ಕರಾವಳಿ ತನ್ನವರೆಂದು ಕೂರಿಸಿ ಕೇಳಿದೆ. ಕಥೆ ಪುರಾಣದ್ದೇ ಆಗಬೇಕೆಂದೂ ಇಲ್ಲ. ಊರಿಗೆ ಮರಳಬೇಕೋ ಇಲ್ಲೇ ಇರಬೇಕೋ ಎಂದು ಅಪ್ಪನ ಪಾತ್ರವೂ ಮಗಳ ಪಾತ್ರವೂ ವಾದಿಸಲಿ. ದುಬೈಯ ಕನ್ನಡಿಗರು ಯಕ್ಷಗಾನ ಅಭ್ಯಾಸ ಕೇಂದ್ರವನ್ನೇ ನಡೆಸುತ್ತಿದ್ದಾರೆ. ಕೊಲ್ಲಿಯಲ್ಲಿ ಇದು ಆಗದ ಕೆಲಸವಲ್ಲ.

ತಿಂಗಳಿಗೊಂದು ಗುರುವಾರ ರಾತ್ರಿ ಮಕ್ಕಳ ಮಾತು, ಶುಕ್ರವಾರ ಸಂಜೆ ಅದರ ಬಗ್ಗೆ ಹಿರಿಯರು ಕಿರಿಯರು ಕೂಡಿ ಅರ್ಧ ಗಂಟೆಯ ಚರ್ಚೆ. ಮೊದಲ ಸಲ ಮಗು ಎರಡೇ ವಾಕ್ಯ ಹೇಳೀತು, ಅದರಲ್ಲೂ ಒಂದು ತಪ್ಪೀತು. ತಪ್ಪಲಿ, ಅದು ಅದರ ಪೂರ್ವರಂಗ. ನಾವು ಮಾಡಬೇಕಾದದ್ದು ಮೊಬೈಲು ಕೆಳಗಿಟ್ಟು ಕೇಳುವುದು.