ಬೇಣದಲ್ಲಿ ನಿಂತು ಕಡಲಯಾನ: ರಸಿಕರಿಗೊಂದು ಕೈಪಿಡಿ

ನಮ್ಮ ಉಮ್ಮಚಗಿಯಿಂದ ಸಮುದ್ರ ಕಾಣುವುದಿಲ್ಲ. ಯಲ್ಲಾಪುರಕ್ಕೆ ಬಂದು, ಅರಬೈಲು ಘಟ್ಟ ಇಳಿದು, ಅಂಕೋಲೆ ದಾಟಿದರೆ ಕಾರವಾರ. 2025ರ ಮೇ 21ರಂದು ಅಲ್ಲಿಯ ನೌಕಾನೆಲೆಯಲ್ಲಿ ‘ಕೌಂಡಿನ್ಯ’ ಎಂಬ ಹಾಯಿಹಡಗು ನೌಕಾಪಡೆಗೆ ಸೇರಿತು. ಅಜಂತಾದ ಐದನೇ ಶತಮಾನದ ಚಿತ್ರವೊಂದನ್ನು ನೋಡಿ, ಕೇರಳದ ಬಾಬು ಶಂಕರನ್ ಮುಂದಾಳತ್ವದಲ್ಲಿ ಗೋವೆಯಲ್ಲಿ ಕಟ್ಟಿದ ಹಡಗು ಇದು. ಹಲಗೆಗಳನ್ನು ಮೊಳೆ ಹೊಡೆದು ಕೂಡಿಸದೆ ತೆಂಗಿನ ನಾರಿನ ಹುರಿಯಲ್ಲಿ ಹೊಲಿದಿದ್ದಾರೆ. ಎಂಜಿನ್ ಇಲ್ಲ. ಅದೇ ವರ್ಷ ಡಿಸೆಂಬರ್ 29ರಂದು ಪೋರಬಂದರಿನಿಂದ ಹೊರಟು ಜನವರಿ ನಡುವಿಗೆ ಮಸ್ಕತ್ ಮುಟ್ಟಿತು.

ಸುದ್ದಿ ಬಂದಾಗ ಎಲ್ಲರೂ ಮೆಚ್ಚಿದ್ದು ಹಾಯಿಯ ಮೇಲಿನ ಗಂಡಭೇರುಂಡವನ್ನು. ಮೆಚ್ಚಲಿ, ತಪ್ಪಲ್ಲ. ಆದರೆ ಹಾಯಿ ನೋಡಿ ಮುಗಿಸಿದರೆ ಯಾನದ ರಸ ಸಿಕ್ಕಲಿಲ್ಲವೆಂದೇ ಅರ್ಥ. ವೇಷ, ಕುಣಿತ ಯಾವುದೂ ಇಲ್ಲದ ತಾಳಮದ್ದಲೆಗೆ ರಾತ್ರಿಯಿಡೀ ಕೂರುವ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅರ್ಥಧಾರಿಯ ಕೈಯಲ್ಲಿ ಕಾಗದವಿಲ್ಲ. ಎದುರಾಳಿ ಎಸೆದ ಮಾತಿಗೆ ನೆನಪಿನಿಂದ ಏನು ತೆಗೆಯುತ್ತಾನೆ ಎಂಬುದಕ್ಕೆ ಕಿವಿ ಕಾದಿರುತ್ತದೆ. ಆ ಕಿವಿಯನ್ನೇ ಕಡಲಿಗೂ ಒಯ್ಯಿರಿ.

ಮೊದಲು ಹೊಲಿಗೆ ನೋಡಿ. ಮೊಳೆ ಬಿಗಿಯಾಗಿ ಹಿಡಿಯುತ್ತದೆ, ಅಲೆಯ ಹೊಡೆತಕ್ಕೆ ಬಾಗಲು ಬಿಡುವುದಿಲ್ಲ. ಹುರಿ ಅಷ್ಟಿಷ್ಟು ಸಡಿಲ ಕೊಟ್ಟು ಮತ್ತೆ ಬಿಗಿಯುತ್ತದೆ. ಅರಬ್ಬೀ ಸಮುದ್ರದ ಹೆಚ್ಚಿನ ಹಡಗುಗಳು ಒಂದು ಕಾಲದಲ್ಲಿ ಹೀಗೆಯೇ ಇದ್ದವು. ಭೂಮಿಯ ಆ ಬದಿಯ ಹವಾಯಿಯಲ್ಲೂ ಇದೇ ಬುದ್ಧಿ: 1975ರಲ್ಲಿ ನೀರಿಗಿಳಿದ ‘ಹೋಕೂಲೆಆ’ ಎಂಬ ಜೋಡಿದೋಣಿಯ ಎರಡು ಒಡಲುಗಳನ್ನು ಅಡ್ಡತೊಲೆಗಳಿಗೆ ಬಿಗಿದಿರುವುದು ಹಗ್ಗದಿಂದಲೇ.

ಈ ದೋಣಿಯ ಕತೆ ತುಸು ಹೇಳಬೇಕು. ದಿಕ್ಸೂಚಿಯಿಲ್ಲದೆ ದೂರದ ಕಡಲು ದಾಟುವ ವಿದ್ಯೆ ಅಷ್ಟು ಹೊತ್ತಿಗೆ ಹವಾಯಿಯಲ್ಲಿ ಉಳಿದಿರಲಿಲ್ಲ. ಮೈಕ್ರೊನೇಷಿಯಾದ ಸತವಾಲ್ ಎಂಬ ಪುಟ್ಟ ದ್ವೀಪದಿಂದ ಮಾವ್ ಪಿಯಾಯ್ಲುಗ್ ಎಂಬ ಗುರುವನ್ನು ಕರೆತಂದರು. 1976ರಲ್ಲಿ ಆತ ನಾಲ್ಕು ಸಾವಿರ ಕಿಲೋಮೀಟರಿಗೂ ದೂರದ ತಾಹಿತಿಗೆ, ಉಪಕರಣ ಒಂದನ್ನೂ ಮುಟ್ಟದೆ, ತಿಂಗಳ ಮೇಲೆ ಕೆಲವು ದಿನಗಳಲ್ಲಿ ದೋಣಿ ಮುಟ್ಟಿಸಿದ. 1980ರಲ್ಲಿ ಅದೇ ಹಾದಿಯನ್ನು ಶಿಷ್ಯ ನೈನೋವಾ ಥಾಂಪ್ಸನ್ ನಡೆಸಿದ. ಇಂದು ಹವಾಯಿಯ ಶಾಲಾಮಕ್ಕಳು ಕಲಿಯುವುದು ಈ ಪರಂಪರೆಯನ್ನು.

ಎರಡು ಯಾನಗಳ ನಡುವೆ 1978ರ ಮಾರ್ಚ್ ಇದೆ. ಬಿರುಗಾಳಿಗೆ ಹೋಕೂಲೆಆ ಮಗುಚಿತು. ಎಡ್ಡಿ ಐಕಾವ್ ಎಂಬ ಜೀವರಕ್ಷಕ ನೆರವು ತರಲೆಂದು ಅಲೆಹಲಗೆಯ ಮೇಲೆ ಹೊರಟವನು ಮರಳಲಿಲ್ಲ, ಉಳಿದವರೆಲ್ಲ ಬದುಕಿದರು. ಆಮೇಲೆ ತರಬೇತಿಯ ರೀತಿಯೇ ಬದಲಾಯಿತು. ಈಜು, ಗಂಟು, ನೀರಿಗೆ ಬಿದ್ದವನನ್ನು ಎತ್ತುವ ಅಭ್ಯಾಸ, ಜೊತೆಗೊಂದು ಬೆಂಗಾವಲು ದೋಣಿ. ಸಾಹಸದ ಕತೆ ಕೇಳುವಾಗ ಈ ಭಾಗವನ್ನು ಬೇಸರದ ಪೀಠಿಕೆ ಎಂದು ಹಾರಿಸುವವರಿದ್ದಾರೆ. ನನ್ನ ಮಟ್ಟಿಗೆ ಕಲೆಯ ಗಂಭೀರ ಭಾಗವೇ ಇದು.

ಇನ್ನು ಆಕಾಶ. ಮಾವ್ ಕಲಿಸಿದ್ದು ನೆಲದ ಮೇಲೆ ಕಲ್ಲುಗಳನ್ನು ವೃತ್ತವಾಗಿ ಇಟ್ಟು. ಹವಾಯಿಯ ನಕ್ಷತ್ರವೃತ್ತದಲ್ಲಿ 32 ಮನೆಗಳು. ಒಂದು ನಕ್ಷತ್ರ ಯಾವ ಮನೆಯಲ್ಲಿ ಹುಟ್ಟುತ್ತದೆ, ಯಾವುದರಲ್ಲಿ ಮುಳುಗುತ್ತದೆ ಎಂಬುದು ಬಾಯಿಪಾಠ. ನಕ್ಷತ್ರ ಬಾನಂಚಿನ ಹತ್ತಿರ ಇರುವಷ್ಟು ಹೊತ್ತು ಮಾತ್ರ ದಿಕ್ಕು ಹೇಳುತ್ತದೆ. ಮೇಲೇರಿದ ಮೇಲೆ ಅದೇ ಮನೆಯಲ್ಲಿ ಹುಟ್ಟುವ ಮುಂದಿನದನ್ನು ಹಿಡಿಯಬೇಕು. ಅಂಗಳದಲ್ಲಿ 32 ಕಲ್ಲಿಟ್ಟು ನಡುವೆ ಮಗುವನ್ನು ಕೂರಿಸಿ ಆಟವಾಗಿ ಆರಂಭಿಸಬಹುದು. ಅಂಗಳದ ಅಡಕೆ ಚಪ್ಪರ ಇನ್ನೂ ಬಿಚ್ಚಿರದಿದ್ದರೆ ಬಯಲಾದ ಬೇಣಕ್ಕೆ ಹೋಗಿ. ಚಪ್ಪರದಡಿ ಯಾವ ನಕ್ಷತ್ರವೂ ಹುಟ್ಟುವುದಿಲ್ಲ.

ಮೇ ನಡುವಿನ ಒಂದು ರಾತ್ರಿ, ಮೋಡವಿಲ್ಲದಿದ್ದರೆ, ಒಂಬತ್ತೂವರೆಗೆ ದಕ್ಷಿಣಕ್ಕೆ ತಿರುಗಿ. ತ್ರಿಶಂಕುವಿನ ನಾಲ್ಕು ನಕ್ಷತ್ರಗಳು ನೆಟ್ಟಗೆ ನಿಂತಿರುತ್ತವೆ. ಮೇಲಿನ ತುದಿಯಿಂದ ಕೆಳಗಿನ ತುದಿಗೆ ಎಷ್ಟು ಅಂತರವೋ ಅಷ್ಟೇ ಅಂತರ ಕೆಳತುದಿಯಿಂದ ಬಾನಂಚಿಗೂ ಬಂದರೆ, ತಾಹಿತಿಯಿಂದ ಮರಳುವ ನಾವಿಕನಿಗೆ ಹವಾಯಿಯ ಅಕ್ಷಾಂಶ ತಲುಪಿದ ಗುರುತು. ನಮ್ಮ ಸೀಮೆ ಹವಾಯಿಗಿಂತ ದಕ್ಷಿಣಕ್ಕಿದೆ. ಹಾಗಾಗಿ ಇಲ್ಲಿ ಕೆಳಗಿನ ಅಂತರ ಸುಮಾರು ಎರಡು ತ್ರಿಶಂಕುವಿನಷ್ಟು. ಮರಗಳ ಅಂಚನ್ನೇ ಬಾನಂಚೆಂದು ಎಣಿಸಿದರೆ ಲೆಕ್ಕ ಕೆಡುತ್ತದೆ, ಬಯಲು ಬೇಕು. ಉತ್ತರಕ್ಕೆ ತಿರುಗಿ ಕೈ ಚಾಚಿ ಮುಷ್ಟಿ ಹಿಡಿದರೆ ಧ್ರುವ ನಕ್ಷತ್ರ ಒಂದೂವರೆ ಮುಷ್ಟಿ ಎತ್ತರ, ಹವಾಯಿಯಲ್ಲಿ ಎರಡು. ಅರಬ್ಬೀ ಸಮುದ್ರದ ನಾವಿಕರು ಇದೇ ಅಳತೆಗೆ ‘ಕಮಾಲ್’ ಎಂಬ ಪುಟ್ಟ ಹಲಗೆಗೆ ಗಂಟು ಹಾಕಿದ ದಾರ ಕಟ್ಟಿ, ದಾರವನ್ನು ಹಲ್ಲಿನಲ್ಲಿ ಕಚ್ಚಿ ನೋಡುತ್ತಿದ್ದರು. ಹನ್ನೊಂದರ ಸುಮಾರಿಗೆ ತಲೆಯೆತ್ತಿ: ಸಪ್ತರ್ಷಿಗಳ ಬಾಲದ ಬಾಗನ್ನು ಮುಂದುವರಿಸಿದರೆ ಸಿಗುವ ಕೇಸರಿ ಛಾಯೆಯ ಸ್ವಾತಿ ಹೆಚ್ಚುಕಡಿಮೆ ನೆತ್ತಿಯ ಮೇಲಿರುತ್ತದೆ. ಹೋಕೂಲೆಆ ಎಂಬುದು ಹವಾಯಿಯವರು ಅದಕ್ಕಿಟ್ಟ ಹೆಸರು. ಅಲ್ಲಿ ಅದು ಸರಿಯಾಗಿ ನೆತ್ತಿಯ ಮೇಲೆಯೇ ಹಾಯುತ್ತದೆ.

ಮೋಡ ಕವಿದರೆ? ಆಗ ಅಲೆ. ದೂರದ ಗಾಳಿ ಎಬ್ಬಿಸಿದ ದೊಡ್ಡ ಅಲೆಗಳು ದಿನಗಟ್ಟಲೆ ಒಂದೇ ದಿಕ್ಕಿನಿಂದ ಬರುತ್ತವೆ; ದೋಣಿ ಓಲಾಡುವ ಬಗೆಯಿಂದ ಅದನ್ನು ಹಿಡಿಯುತ್ತಾರೆ, ಬೇಕಾದರೆ ಒಡಲಿನೊಳಗೆ ಮಲಗಿ ಬೆನ್ನಿನಿಂದಲೇ. ದಡ ಹತ್ತಿರವಾದಾಗ ಹಕ್ಕಿಗಳು. ಬಿಳಿ ರೀವಗಳು ಮೀನಿಗಾಗಿ ನೂರಕ್ಕೂ ಹೆಚ್ಚು ಕಿಲೋಮೀಟರ್ ಹೊರಬಂದು ಸಂಜೆ ಗೂಡಿಗೆ ಮರಳುತ್ತವೆ. ಹೀಗಾಗಿ ಚುಕ್ಕೆಯಷ್ಟು ದ್ವೀಪ ನಾವಿಕನ ಲೆಕ್ಕದಲ್ಲಿ ಅಗಲವಾಗುತ್ತದೆ. ಆದರೆ ಸಂಜೆಯ ಹಕ್ಕಿಯನ್ನು ನಂಬಬಹುದು; ಬೆಳಗಿನ ಹಕ್ಕಿಯ ಬೆನ್ನುಹತ್ತಿದರೆ ನಡುಗಡಲು.

ಕಾರವಾರದ ನೌಕಾನೆಲೆಯೊಳಗೆ ಬೇಕೆಂದಾಗ ಹೋಗಲಾಗದು. ಟಾಗೋರ್ ಕಡಲತೀರದಲ್ಲಿ ನಿಂತು ಅಲೆ ಎಣಿಸಲು ಅಪ್ಪಣೆ ಬೇಡ. ಮಕ್ಕಳನ್ನು ಕರೆದೊಯ್ಯುವುದಾದರೆ ಮಳೆಗಾಲ ಬಿಟ್ಟು ಹೋಗಿ, ನೀರಿಗಿಳಿಯುವ ಮುನ್ನ ಅಲ್ಲಿಯ ಮೀನುಗಾರರನ್ನೋ ಜೀವರಕ್ಷಕರನ್ನೋ ಸೆಳೆತ ಎಲ್ಲಿದೆ ಎಂದು ಕೇಳಿ. ಹಳ್ಳದಲ್ಲಿ ಈಜು ಕಲಿತ ಘಟ್ಟದ ಮೇಲಿನವರಿಗೆ ಸಮುದ್ರದ ಸೆಳೆತ ಬೇರೆಯೇ.